ಗೋಲಿಗೆ ನಿಂತವರ ಲೆಕ್ಕ

2002ರ ಜೂನ್ 30, ಭಾನುವಾರ. ತಿಕೋಟಾದಲ್ಲಿ ನಮ್ಮ ಮಾವನ ಮನೆ. ಜಿಲ್ಲೆಗೆ ಆಗಿನ್ನೂ ವಿಜಯಪುರ ಅನ್ನೋ ಹೆಸರು ಬಂದಿರಲಿಲ್ಲ, ಬಿಜಾಪುರವೇ. ಬಬಲೇಶ್ವರದಿಂದ ಬಂದಿದ್ದ ಚಿಗವ್ವನ ಮಕ್ಕಳೂ ಸೇರಿ ಏಳೆಂಟು ಹುಡುಗರು ಟಿವಿ ಮುಂದೆ ಕೂತಿದ್ದೆವು. ವಿಶ್ವಕಪ್ ಫುಟ್‌ಬಾಲ್ ಫೈನಲ್, ಬ್ರೆಜಿಲ್ ಮತ್ತು ಜರ್ಮನಿ.

ಜರ್ಮನಿಯ ಗೋಲ್‌ಕೀಪರ್ ಆಲಿವರ್ ಕಾನ್ ಅಲ್ಲಿತನಕ ಆರು ಪಂದ್ಯಗಳಲ್ಲಿ ಬಿಟ್ಟಿದ್ದು ಒಂದೇ ಗೋಲು. 67ನೇ ನಿಮಿಷದಲ್ಲಿ ರಿವಾಲ್ಡೊ ಹೊಡೆದ ಚೆಂಡು ಕೈಗೆ ಬಂದು ಜಾರಿತು. ರೊನಾಲ್ಡೊ ಬಿಡ್ತಾನಾ? ಆಮೇಲೆ ಇನ್ನೊಂದು. ಪಂದ್ಯ ಮುಗಿದ ಮೇಲೆ ಕಾನ್ ಗೋಲ್ ಕಂಬಕ್ಕೆ ಒರಗಿ ಕೂತ. ‘ಪಾಪ, ಕೈಗೆ ಬಂದದ್ದು ಹೋತು’ ಅಂದರು ಮಾವ.

ಆದರೂ ಟೂರ್ನಿಯ ಶ್ರೇಷ್ಠ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಅವನಿಗೇ ಬಂತು. ಬೇರೆ ಯಾವ ಗೋಲ್‌ಕೀಪರ್‌ಗೂ ಅದು ಸಿಕ್ಕಿಲ್ಲ. 2008ರ ಮೇನಲ್ಲಿ ಕೋಲ್ಕತ್ತಾದಲ್ಲಿ ಮೋಹನ್ ಬಾಗಾನ್ ವಿರುದ್ಧ ಬಾಯರ್ನ್ ಮ್ಯೂನಿಕ್ ಪರ ಆಡಿದಾಗ, ಅವನನ್ನು ಬೀಳ್ಕೊಡಲು ಸೇರಿದ್ದು ಲಕ್ಷಕ್ಕೂ ಹೆಚ್ಚು ಜನ. ನಮ್ಮ ನೆಲದಲ್ಲೇ, ವೀಕ್ಷಕರೇ!

ಈಗ ನಮ್ಮವರ ಕಥೆ ಕೇಳಿ. ಬೆಂಗಳೂರಿನ ಆಶಿಶ್ ಬಲ್ಲಾಳ್, ಹಾಕಿ ಗೋಲ್‌ಕೀಪರ್. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್, ಎದುರಾಳಿ ದಕ್ಷಿಣ ಕೊರಿಯಾ. 1–1 ಸಮ. ಟೈಬ್ರೇಕರ್. ನಾನು ಇಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕದೆ ಸಮಾಧಾನ ಇಲ್ಲ. ಹಾಕಿಯ ಪೆನಾಲ್ಟಿ ಸ್ಟ್ರೋಕ್ ಹೊಡೆಯೋದು 6.4 ಮೀಟರ್ ದೂರದಿಂದ. ಚೆಂಡಿನ ವೇಗ ಗಂಟೆಗೆ 90 ಕಿ.ಮೀ. ಅಂತ ಹಿಡಿದರೆ ಗೋಲು ಮುಟ್ಟಲು ಕಾಲು ಸೆಕೆಂಡ್. ಕಣ್ಣು ನೋಡಿ ಕೈ ಏಳೋ ಹೊತ್ತಿಗೆ ಅದರಲ್ಲಿ ಬಹುಪಾಲು ಮುಗಿದಿರುತ್ತದೆ. ಬಲ್ಲಾಳ್ ಅಂಥ ಎರಡನ್ನು ತಡೆದರು. 4–2ರಲ್ಲಿ ಭಾರತಕ್ಕೆ ಚಿನ್ನ, 1966ರ ನಂತರ ಮೊದಲ ಸಲ.

ಆಮೇಲೇನಾಯ್ತು? ಹೂವಿನ ಹಾರ ಒಣಗುವ ಮುಂಚೆಯೇ ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ್ ಸೇರಿ ಹಲವು ಹಿರಿಯರು ತಂಡದಿಂದ ಹೊರಗೆ. ಅಧಿಕೃತ ಮಾತು ‘ವಿಶ್ರಾಂತಿ’. ಆಟಗಾರರು ದುಡ್ಡಿನ ವಿಚಾರ ಎತ್ತಿದ್ದರು ಅನ್ನೋದು ಎಲ್ಲರಿಗೂ ಗೊತ್ತಿತ್ತು. ಚೆಂಡು ಕೈಬಿಟ್ಟವನಿಗೆ ಲಕ್ಷ ಜನ, ತಡೆದವರಿಗೆ ವಿಶ್ರಾಂತಿ! ಬಲ್ಲಾಳ್ ಮುಂದೆ ಬೆಂಗಳೂರಲ್ಲಿ ಮಕ್ಕಳಿಗೆ ಹಾಕಿ ಕಲಿಸಲು ನಿಂತರು.

ಈ ಸಂಚಿಕೆ ಮಾಡುವಾಗ ನಮ್ಮ ನ್ಯೂಸ್‌ರೂಮಿನ ಹುಡುಗರನ್ನು ಕೇಳಿದೆ. ಕಾನ್ ಎಲ್ಲರಿಗೂ ಗೊತ್ತು. ‘ಬಲ್ಲಾಳ್ ಯಾರು ಸರ್?’ ಅಂದರು. ಬೇಜಾರಾಗಿ ತಿಕೋಟಾಕ್ಕೆ ಫೋನ್ ಹಚ್ಚಿದೆ.

‘ಬ್ಯಾಂಕಾಕದಾಗ ಎರಡು ತಡದಾಂವ ಅಲ್ಲೇನೋ?’ ಅಂದರು ಮಾವ. ‘ಈಗ ಎಲ್ಲಿ ಅದಾನಂವಾ?’