ಕೂಡುವ ಮನೆ, ಓದುವ ಮನೆ

ಮಂಕಿಯು ಹೊನ್ನಾವರ ಮತ್ತು ಭಟ್ಕಳಗಳ ನಡುವಣ ಕರಾವಳಿಯ ಊರು. ಇಂತಹ ಊರುಗಳ ಸಭಾಭವನ, ಗ್ರಂಥಾಲಯಗಳ ಹಿಂದೆ ಸುದೀರ್ಘ ಪರಂಪರೆಯೊಂದಿದೆ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ, ಅಲ್ಲಿ ಗಂಡುಮಕ್ಕಳ 23 ಮತ್ತು ಹೆಣ್ಣುಮಕ್ಕಳ 13 ಪಾಠಶಾಲೆಗಳನ್ನು ಕಂಡುದಾಗಿ ದಾಖಲಿಸಿದ್ದಾನೆ. ಅಲ್ಲಿನ ಸ್ತ್ರೀಯರು ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿದ್ದರೆಂದೂ ಬರೆದಿದ್ದಾನೆ.

ಆಧುನಿಕ ಕಾಲದಲ್ಲಿ ಭಟ್ಕಳದ ಹಿರಿಯರು 1912ರಲ್ಲಿ ಮಜ್ಲಿಸೆ ಇಸ್ಲಾಹ್ ವ ತಂಝೀಮ್ ಸಂಸ್ಥೆಯನ್ನೂ 1919ರಲ್ಲಿ ಅಂಜುಮನ್ ಹಾಮಿಯೆ ಮುಸ್ಲಿಮೀನ್ ಸಂಸ್ಥೆಯನ್ನೂ ಸ್ಥಾಪಿಸಿದರು. ಮೊದಲನೆಯದು ಸಮುದಾಯವು ಕೂಡಿ ಸಮಾಲೋಚಿಸುವ ವೇದಿಕೆಯಾಯಿತು. ಎರಡನೆಯದು ಶಾಲೆ, ಕಾಲೇಜುಗಳನ್ನು ಕಟ್ಟಿತು. ಕೂಡುವುದು, ಓದುವುದು: ಸಭಾಭವನ ಮತ್ತು ಗ್ರಂಥಾಲಯಗಳ ಉದ್ದೇಶವೂ ಇವೇ ಎರಡು.

ಸಭಾಭವನವು ನಿಕಾಹ್, ವಲೀಮಾಗಳಿಗಷ್ಟೇ ತೆರೆದು, ಪುಸ್ತಕದ ಕಪಾಟಿಗೆ ಬೀಗ ಬಿದ್ದರೆ ಆ ಉದ್ದೇಶ ಅಲ್ಲಿಗೇ ಮುಗಿಯಿತು. ಆ 13 ಪಾಠಶಾಲೆಗಳನ್ನು ಹೆಮ್ಮೆಯಿಂದ ಸ್ಮರಿಸುವ ನಾವು, ನಮ್ಮೂರ ವಾಚನಾಲಯದಲ್ಲಿ ಹೆಣ್ಣುಮಕ್ಕಳು ಕುಳಿತು ಓದಲು ಸ್ಥಳವಿದೆಯೇ, ಅರಬಿ, ಉರ್ದು ಗ್ರಂಥಗಳ ಪಕ್ಕದಲ್ಲಿ ಅವರು ಶಾಲೆಯಲ್ಲಿ ಕಲಿತ ಕನ್ನಡಕ್ಕೂ ಜಾಗವಿದೆಯೇ ಎಂದು ಕೇಳಿಕೊಳ್ಳಬೇಕು. ಪ್ರವಾದಿವರ್ಯರಿಗೆ(ಸ) ಅವತೀರ್ಣವಾದ ಪ್ರಥಮ ದಿವ್ಯವಾಣಿಯು ಓದಿನ ಆದೇಶವಾಗಿತ್ತು. ಅದು ಗಂಡುಮಕ್ಕಳಿಗೆ ಮಾತ್ರ ಬಂದ ಆದೇಶವಲ್ಲ.