ಚರ್ಮದ ಉರಿಯೂತಗಳ ಅಂಗಾಂಶಪರೀಕ್ಷೆ: ಮುಂಬಯಿ ಪ್ರಾಂತದ ಚರಿತ್ರೆ

ಕೆಂಪು, ಹೊಟ್ಟು, ಬಾವು, ಬಿಳಿಚಿದ ಮಚ್ಚೆ ಮುಂತಾದ ಚಿಹ್ನೆಗಳು ಅನೇಕ ಚರ್ಮವ್ಯಾಧಿಗಳಿಗೆ ಸಾಮಾನ್ಯವಾಗಿರುವುದರಿಂದ, ಬರಿಗಣ್ಣಿಗೆ ಒಂದೇ ಎಂದು ತೋರುವ ಉರಿಯೂತಗಳನ್ನು, ಚರ್ಮದ ಸಣ್ಣ ತುಣುಕೊಂದನ್ನು ತೆಗೆದು, ಮೇಣದಲ್ಲಿ ಹುದುಗಿಸಿ, ತೆಳುವಾಗಿ ಕೊಯ್ದು, ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಬೇರ್ಪಡಿಸುವ ವಿದ್ಯೆ ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ರೂಪುಗೊಂಡಿತು. ಪಾಲ್ ಗೆರ್ಸನ್ ಉನ್ನಾ 1894ರಲ್ಲಿ ಹೊರತಂದ ಬೃಹದ್ಗ್ರಂಥ ಅದಕ್ಕೆ ಶಾಸ್ತ್ರದ ಮರ್ಯಾದೆಯನ್ನು ತಂದುಕೊಟ್ಟಿತು. ಠಾಣೆಯ ಖಾಡಿಯ ಪೂರ್ವದಡದ ಘಣಸೋಲಿಯಂತಹ ಹಳ್ಳಿಗಳಿಂದ ಧಾರವಾಡ, ಬಿಜಾಪುರ, ಕಾರವಾರಗಳವರೆಗೆ ಹಬ್ಬಿದ್ದ ಮುಂಬಯಿ ಪ್ರಾಂತದಲ್ಲಾದರೋ ಈ ವಿದ್ಯೆ ಬಹುಮಟ್ಟಿಗೆ ಕುಷ್ಠರೋಗದ ನೆಪದಿಂದ ಬೆಳೆಯಿತು.

1858ರಲ್ಲಿ ಮುಂಬಯಿಗೆ ಬಂದು ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸಿದ ಹೆನ್ರಿ ವ್ಯಾಂಡೈಕ್ ಕಾರ್ಟರ್, ಗ್ರೇ ಎಂಬವರ ಸುಪ್ರಸಿದ್ಧ ಅಂಗರಚನಾ ಗ್ರಂಥಕ್ಕೆ ಚಿತ್ರಗಳನ್ನು ಬರೆದವನು. ಚಿತ್ರಕಾರನ ಆ ಕಣ್ಣೇ ಕುಷ್ಠರೋಗಿಗಳ ಊದಿದ ನರಗಳ ಮೇಲೆ ನೆಟ್ಟಿತು. ಬಳಿಕ ಅವನು ನಾರ್ವೆಗೆ ಹೋಗಿ, 1873ರಲ್ಲಿ ರೋಗಾಣುವನ್ನು ಕಂಡುಹಿಡಿದ ಹ್ಯಾನ್ಸೆನ್ನನನ್ನು ಕಂಡು, ಅಲ್ಲಿಯ ಅನುಭವವನ್ನು ಹಿಂದೂಸ್ಥಾನಕ್ಕೆ ಅನ್ವಯಿಸಿ 1874ರಲ್ಲಿ ವರದಿಯನ್ನು ಪ್ರಕಟಿಸಿದನು.

ಇಪ್ಪತ್ತನೆಯ ಶತಮಾನದಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ರೋಗಶಾಸ್ತ್ರಜ್ಞ ವಸಂತ ರಾಮಜಿ ಖಾನೋಲ್ಕರರು, ಕುಷ್ಠರೋಗದ ಎಳೆಯ ಮಚ್ಚೆಗಳಲ್ಲಿಯೇ ಚರ್ಮದ ಸೂಕ್ಷ್ಮ ನರತಂತುಗಳು ಪೀಡಿತವಾಗಿರುವುದನ್ನು ಅಂಗಾಂಶಗಳಲ್ಲಿ ವಿವರವಾಗಿ ಪರಿಶೀಲಿಸಿದರು. 1952ರಲ್ಲಿ ಸ್ಥಾಪಿತವಾಗಿ ಅವರ ನಿರ್ದೇಶನದಲ್ಲಿ ಬೆಳೆದ ಕ್ಯಾನ್ಸರ್ ಸಂಶೋಧನ ಕೇಂದ್ರದ ಪರಂಪರೆ ಇಂದು ನವಿ ಮುಂಬಯಿಯ ಖಾರ್ಘರಿನಲ್ಲಿ ಮುಂದುವರಿದಿದೆ. 1966ರಲ್ಲಿ ರಿಡ್ಲಿ ಮತ್ತು ಜೋಪ್ಲಿಂಗ್ ರಚಿಸಿದ ಕುಷ್ಠದ ವರ್ಗೀಕರಣ, ರೋಗಿಯ ದೇಹದ ಪ್ರತಿರೋಧಶಕ್ತಿಯ ಏರಿಳಿತವನ್ನು ಅಂಗಾಂಶದಲ್ಲಿ ಓದುವ ಕ್ರಮವನ್ನು ನೆಲೆಗೊಳಿಸಿತು.

ಈ ಪರಂಪರೆಯಲ್ಲಿ ನಿರ್ಣಾಯಕವಾದುದು ನರ. ಪ್ರತಿರೋಧ ಪ್ರಬಲವಾಗಿರುವ ಕುಷ್ಠದಲ್ಲಿ ಕಣಗಳ ಗಂಟುಗಳು ನರದ ಹಾದಿಯನ್ನೇ ಹಿಡಿದು ಉದ್ದುದ್ದಕ್ಕೆ ಸಾಗಿ ಅದನ್ನು ಸೀಳಿ ನಾಶಮಾಡುತ್ತವೆ. ಸಾರ್ಕಾಯ್ಡ್ ರೋಗದಲ್ಲಿ ಅಂತಹವೇ ಗಂಟುಗಳು ಲಿಂಫಕಣಗಳ ಆವರಣವಿಲ್ಲದೆ ಬತ್ತಲೆಯಾಗಿ ಕಾಣುವುದುಂಟು, ನರ ಸಾಮಾನ್ಯವಾಗಿ ಉಳಿದಿರುತ್ತದೆ. ಇನ್ನು ಪ್ರತಿರೋಧ ಕುಸಿದ ಕುಷ್ಠದಲ್ಲಿ ರೋಗಾಣುಗಳಿಂದ ತುಂಬಿ ನೊರೆಯಂತಾದ ಕಣಗಳ ರಾಶಿಗೂ ಹೊರಚರ್ಮಕ್ಕೂ ನಡುವೆ ಒಂದು ಸ್ವಚ್ಛವಾದ ಪಟ್ಟಿ ಬಿಟ್ಟಿರುತ್ತದೆ.

ಹೊರಚರ್ಮವೇ ಕೆಡುವ ವ್ಯಾಧಿಗಳಲ್ಲಿ ಭೇದಗಳು ಬೇರೆ. ಸೋರಿಯಾಸಿಸ್ಸಿನಲ್ಲಿ ಅದರ ಏಣುಗಳು ಸಮನಾಗಿ ಕೆಳಕ್ಕಿಳಿದು, ಮೇಲಿನ ಹೊಟ್ಟಿನಲ್ಲಿ ಬಿಳಿಯ ರಕ್ತಕಣಗಳ ಸಣ್ಣ ಕೀವುಗುಳ್ಳೆಗಳು ನಿಲ್ಲುತ್ತವೆ. ಇಸುಬಿನಲ್ಲಿ ಕಣಗಳ ನಡುವೆ ದ್ರವ ಸೇರಿ ಸ್ಪಂಜಿನಂತಾಗುತ್ತದೆ. ಲೈಕೆನ್ ಪ್ಲೇನಸ್ಸಿನಲ್ಲಿ ಲಿಂಫಕಣಗಳ ಪಟ್ಟೆ ಹೊರಚರ್ಮದ ತಳವನ್ನು ಕೊರೆದು ಗರಗಸದ ಹಲ್ಲಿನಾಕಾರವನ್ನು ಉಂಟುಮಾಡುತ್ತದೆ. ಈ ವಿನ್ಯಾಸಗಳನ್ನು ಮೊದಲು ಗುರುತಿಸಿ ಆಮೇಲೆ ಹೆಸರಿಗೆ ಬರುವ ಕ್ರಮವನ್ನು ಬರ್ನಾರ್ಡ್ ಆಕರ್‌ಮನ್ 1978ರ ಗ್ರಂಥದಲ್ಲಿ ಪ್ರಚಾರಕ್ಕೆ ತಂದನು. ಆದರೆ ತುರಿಸಿಕೊಂಡು ದಪ್ಪವಾದ ಹಳೆಯ ಇಸುಬು ಸೋರಿಯಾಸಿಸ್ಸನ್ನು ಅನುಕರಿಸುವುದುಂಟು. ಹಚ್ಚಿದ ಮುಲಾಮು ಚಿತ್ರವನ್ನೇ ಮಸುಕಾಗಿಸುತ್ತದೆ. ಆದ್ದರಿಂದ ತುಣುಕಿನೊಡನೆ ಬರುವ ಚೀಟಿಯಲ್ಲಿ ಮಚ್ಚೆಯ ವಯಸ್ಸು, ಸ್ಥಳ, ಸ್ಪರ್ಶಜ್ಞಾನ ಇವುಗಳನ್ನು ಬರೆಯದೆ ಕಳುಹಿಸಿದರೆ ರೋಗಶಾಸ್ತ್ರಜ್ಞನು ಅರ್ಧಕುರುಡನಾಗುತ್ತಾನೆ. ಇನ್ನು ಕುಷ್ಠದಲ್ಲಿ ಗಂಟುಗಳ ನಡುವೆ ನರದ ಗುರುತೇ ಅಳಿಸಿಹೋದಾಗ ಎಸ್-100 ಎಂಬ ಪ್ರೋಟೀನನ್ನು ತೋರಿಸುವ ವರ್ಣಪರೀಕ್ಷೆ ಅದರ ಚೂರುಗಳನ್ನು ಹುಡುಕಿಕೊಡುತ್ತದೆ.