ಪರಮಾಣುವನ್ನು ತೂಗಿ ಒಪ್ಪಿಕೊಂಡ ಕಥೆ

‘ಪರಮಾಣು ಕಂಡುಹಿಡಿದದ್ದು ಕಣಾದ, ಡಾಲ್ಟನ್ ಅಲ್ಲ’ ಅನ್ನೋ ಫಾರ್ವರ್ಡ್ ನಿಮಗೂ ಬಂದಿರುತ್ತೆ. ವೈಶೇಷಿಕ ದರ್ಶನದಲ್ಲಿ ಪರಮಾಣುವಿನ ಚಿಂತನೆ ಇರೋದು ನಿಜ. ಆದರೆ ರಸಾಯನಶಾಸ್ತ್ರದ ಪರಮಾಣು ಹುಟ್ಟಿದ್ದು ತಕ್ಕಡಿಯಲ್ಲಿ. ಧಾತುಗಳು ನಿಗದಿತ ತೂಕದ ಪ್ರಮಾಣದಲ್ಲೇ ಯಾಕೆ ಕೂಡುತ್ತವೆ? ಪ್ರತಿ ಧಾತುವಿನ ಪರಮಾಣುವಿಗೂ ತನ್ನದೇ ತೂಕ ಇದೆ ಅಂತ 1808ರ ಪುಸ್ತಕದಲ್ಲಿ ಜಾನ್ ಡಾಲ್ಟನ್ ವಿವರಿಸಿದ.

ಅವನೂ ಎಡವಿದ. ನೀರಿನಲ್ಲಿ ಒಂದೇ ಹೈಡ್ರೋಜನ್, ಒಂದೇ ಆಕ್ಸಿಜನ್ ಅಂದುಕೊಂಡ. ಹಾಗಾಗಿ ಆಕ್ಸಿಜನ್ನಿನ ತೂಕ 16ರ ಬದಲು 7 ಅಂತ ಬಂತು. ಅವೊಗಾಡ್ರೊ 1811ರಲ್ಲೇ ಅನಿಲಗಳ ಗಾತ್ರದ ಲೆಕ್ಕದಿಂದ ದಾರಿ ತೋರಿಸಿದ್ದ. ರಸಾಯನಶಾಸ್ತ್ರಜ್ಞರು ಅದನ್ನು ಗಂಭೀರವಾಗಿ ತಗೊಂಡಿದ್ದು 1860ರ ಕಾರ್ಲ್ಸ್‌ರೂಹೆ ಸಮ್ಮೇಳನದ ನಂತರ.

ಈ ಕಥೆಯ ಒಂದು ಎಳೆ ನಮ್ಮ ಯಶವಂತಪುರದ ಪಕ್ಕಕ್ಕೂ ಬರುತ್ತೆ. ಐಐಎಸ್‌ಸಿಯ ಮೊದಲ ನಿರ್ದೇಶಕ ಮೋರಿಸ್ ಟ್ರಾವರ್ಸ್, 1898ರಲ್ಲಿ ವಿಲಿಯಂ ರಾಮ್ಸೆ ಜೊತೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಪತ್ತೆಹಚ್ಚಿದವನು. ಆ ಅನಿಲಗಳಿಗೂ ಆವರ್ತ ಕೋಷ್ಟಕದಲ್ಲಿ ಜಾಗ ಸಿಕ್ಕಿತು.

ಅದೇ ಕೋಷ್ಟಕದ ಅಧ್ಯಾಯವನ್ನು ಎನ್‌ಸಿಇಆರ್‌ಟಿ 10ನೇ ತರಗತಿ ಪುಸ್ತಕದಿಂದ ಕೈಬಿಟ್ಟಿತು. ಯಾರು ಮೊದಲು ಹೇಳಿದರು ಅನ್ನೋ ಜಗಳ ಮುಂದುವರಿಯಲಿ. ಹೇಳಿದ್ದನ್ನು ತೂಗಿ ನೋಡೋದು, ತಪ್ಪಿದರೆ ತಿದ್ದೋದು ಹೇಗೆ ಅನ್ನೋ ಪಾಠವನ್ನಾದರೂ ಮಕ್ಕಳಿಂದ ಕಿತ್ತುಕೊಳ್ಳೋದು ಬೇಡ.